ತರಿ ಓಡುವಾಗಿನ ಮಣೆ ಹಾಡು

ಸೋದರತ್ತೆಯ ಗಂಟಲಿನ ಆಪರೇಷನ್‌ಗೆ ದಿನ ಗೊತ್ತಾದಾಗ ಮನೆಯಲ್ಲಿ ಒಬ್ಬೊಬ್ಬರು ಒಂದೊಂದಕ್ಕೆ ಹೆದರಿದರು. ಅವಳ ಮಗಳು ಅರಿವಳಿಕೆಗೆ ಹೆದರಿದಳು. ನಾನು ಗಡ್ಡೆಯ ಪರೀಕ್ಷೆಯ ಫಲಿತಾಂಶಕ್ಕೆ ಹೆದರಿದೆ. ಅತ್ತೆ ಹೆದರಿದ್ದು ಮಣೆ ಹಾಡಿನ ಗತಿ ಏನಾಗುತ್ತದೋ ಎಂದು.

ಥೈರಾಯ್ಡ್ ಗಡ್ಡೆ ತೆಗೆದ ಮೇಲೆ ದನಿ ಸ್ವಲ್ಪ ಬದಲಾಗಬಹುದು, ಕೆಲವು ತಿಂಗಳಲ್ಲಿ ಸರಿಹೋಗಬಹುದು, ಹೋಗದೆಯೂ ಇರಬಹುದು ಎಂದು ಕೋಯಮತ್ತೂರಿನ ಡಾಕ್ಟರು ಮೊದಲೇ ಹೇಳಿಬಿಟ್ಟಿದ್ದರು. ಆಪರೇಷನ್ ಆಗಿ ಸ್ವಲ್ಪ ದಿನಕ್ಕೇ ಅತ್ತೆಯ ಮೊಮ್ಮಗಳ ಮದುವೆ. ನಮ್ಮ ಮನೆತನದಲ್ಲಿ ಹುಡುಗಿಯನ್ನು ಮಣೆಯ ಮೇಲೆ ಕೂರಿಸಿ ಅರಿಸಿನ ಹಚ್ಚುವಾಗ ಹೆಂಗಸರು ಒಂದು ಹಾಡು ಹಾಡುತ್ತಾರೆ. ಹಿರಿಯಳು ಒಂದು ಸಾಲು ಹೇಳಿ ನಿಲ್ಲಿಸುತ್ತಾಳೆ, ಉಳಿದವರು ಅದೇ ಸಾಲನ್ನು ತಿರುಗಿ ಹೇಳುತ್ತಾರೆ. ಈ ಪದ್ಧತಿಯಿಂದ ಒಂದು ತೊಂದರೆಯಾಗಿದೆ. ಹಾಡು ಎಲ್ಲರಿಗೂ ಗೊತ್ತು, ಮುಂದಿನ ಸಾಲು ಮಾತ್ರ ಯಾರಿಗೂ ಗೊತ್ತಿಲ್ಲ. ಅದು ಗೊತ್ತಿರುವುದು ಅತ್ತೆಗೆ. ಬರೆದಿಡೋಣವೆಂದರೆ ತಲೆಮಾರುಗಳಿಂದ ತಮಿಳುನಾಡಿನಲ್ಲೇ ಇರುವ ನಮ್ಮವರಲ್ಲಿ ಕನ್ನಡ ಮಾತಾಡುವವರೇ ಎಲ್ಲರೂ, ಓದುವವರು ಇಲ್ಲ. ನಾನು ಅಕ್ಷರ ಕಲಿತದ್ದು ವಿಶ್ವವಿದ್ಯಾಲಯದ ಹಾಸ್ಟೆಲ್ಲಿನಲ್ಲಿ, ಮೈಸೂರಿನಿಂದ ಬಂದಿದ್ದ ಗೆಳೆಯನೊಬ್ಬನಿಂದ. ತಮಿಳಿನಲ್ಲಿ ಬರೆದುಕೊಟ್ಟರೆ ಓದಿ ಹಾಡುತ್ತಾರೇನೋ, ಆದರೆ ಕೈತುಂಬ ಅರಿಸಿನ ಮೆತ್ತಿಕೊಂಡು ಯಾರು ಕಾಗದ ಹಿಡಿಯುತ್ತಾರೆ?

"ನೀನು ಏನೋ ಕಂಪ್ಯೂಟರ್ಲ ಪಾಟು ಹಿಡಿತೀ ಅಲ್ಲ, ಕಣ್ಣು," ಎಂದಳು ಅತ್ತೆ ಫೋನಿನಲ್ಲಿ. ಮುದ್ದಿಗೆ ನನ್ನನ್ನು ಈಗಲೂ ಕಣ್ಣು ಎಂದೇ ಕರೆಯುತ್ತಾಳೆ. "ನನ್ನ ದನೀನೂ ಹಿಡಿದು ಇಟ್ಟುಬುಡು. ಕಲ್ಯಾಣದಲ್ಲಿ ಹಾಕಿಬುಟ್ಟರೆ ಇವರೆಲ್ಲ ಹಿಂದೆ ಹಾಡ್ತಾರೆ."

ನಾನು ಹಾಡು ಹಿಡಿಯುವುದು ನಿಜ. ಕೋಯಮತ್ತೂರಿನ ವಿಮಾನ ನಿಲ್ದಾಣದ ಹತ್ತಿರ, ಪೀಳಮೇಡಿನಲ್ಲಿ, ಒಂದು ಮಹಡಿ ಮನೆಯಲ್ಲಿ ಬಾಡಿಗೆಗೆ ಇದ್ದೇನೆ. ಸಂಶೋಧನೆ ಅರ್ಧಕ್ಕೆ ಬಿಟ್ಟೆ, ತಿರುಪ್ಪೂರಿನ ನೂಲು ಪರೀಕ್ಷಿಸುವ ಪ್ರಯೋಗಾಲಯದ ಕೆಲಸ ಬಿಟ್ಟೆ, ಈಗ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತೇನೆ. ಅದನ್ನೂ ಯಾವಾಗ ಬಿಡುತ್ತೇನೋ ಎಂದು ಅತ್ತೆಯ ಮಗಳು ಕೇಳುತ್ತಿರುತ್ತಾಳೆ. ಬಿಡದೆ ಉಳಿದದ್ದು ಒಂದು ಹಳೆಯ ಹಾರ್ಮೋನಿಯಂ. ಅದನ್ನು ನುಡಿಸಿ ಮನೆಯಲ್ಲೇ ರೆಕಾರ್ಡ್ ಮಾಡುತ್ತೇನೆ. ವಿಮಾನಗಳ ಸದ್ದು ಬಾರದಿರಲೆಂದು ಕಿಟಕಿಗೆ ಹಾಸಿಗೆ ಒರಗಿಸಿಟ್ಟಿದ್ದೇನೆ. ರೆಕಾರ್ಡ್ ಮಾಡಿದ್ದಕ್ಕೆ ಕೊನೆಯ ಹದ ಕೊಡುವುದನ್ನು ಮಾಸ್ಟರಿಂಗ್ ಎನ್ನುತ್ತಾರೆ. ಸದ್ದಿನ ಮಟ್ಟ ಏರಿಸಿ, ದಪ್ಪ ದನಿ ತೆಳು ದನಿಗಳನ್ನು ಸರಿದೂಗಿಸಿ, ಫೋನಿನಲ್ಲಿ ಕೇಳಿದರೂ ಕಾರಿನಲ್ಲಿ ಕೇಳಿದರೂ ಹಾಡು ಹಾಡಿನಂತೆ ಇರುವ ಹಾಗೆ ಮಾಡುವ ಕೆಲಸ. ಹಿಂದೆ ಇದಕ್ಕೆ ಸ್ಟುಡಿಯೋದಲ್ಲಿ ಕಿವಿ ಪಳಗಿದ ಮನುಷ್ಯ ಬೇಕಿತ್ತು. ಈಗ ಇಂಟರ್ನೆಟ್ಟಿನ ಒಂದು ತಾಣಕ್ಕೆ ಫೈಲ್ ಏರಿಸಿದರೆ ಸಾಕು. ಪರದೆಯ ಮೇಲೆ ಒಂದು ಅಲೆ ಕುಣಿಯುತ್ತದೆ, ಚಹಾ ಕುದಿಯುವಷ್ಟರಲ್ಲಿ ನಿಮ್ಮ ಹಾಡು ಸಿದ್ಧ ಎಂದು ಬರುತ್ತದೆ. ಮನುಷ್ಯರು ಯಾರೂ ಕೇಳಿರುವುದಿಲ್ಲ.

ನನಗೆ ಇದರಲ್ಲಿ ನಂಬಿಕೆ ಇರಲಿಲ್ಲ. ಒಂದೇ ಹಾಡನ್ನು ತುಸು ಜೋರಾಗಿ ಕೇಳಿಸಿದರೆ ಕಿವಿ ಅದನ್ನೇ ಒಳ್ಳೆಯದೆನ್ನುತ್ತದೆ. ಇದನ್ನು ನಾನು ತರಗತಿಯಲ್ಲಿ ವಿದ್ಯಾರ್ಥಿಗಳ ಮೇಲೆಯೇ ಮಾಡಿ ತೋರಿಸಿದ್ದೇನೆ. ಹಾಗಾಗಿ ಯಂತ್ರ ಕೊಟ್ಟ ಪ್ರತಿಯ ಸದ್ದನ್ನು ಇಳಿಸಿ, ನನ್ನ ಮೂಲಕ್ಕೆ ಸಮ ಮಾಡಿ, ಕಣ್ಣು ಮುಚ್ಚಿ ಎರಡನ್ನೂ ಕೇಳುತ್ತಿದ್ದೆ. ಬಹಳ ಸಲ ಯಾವುದು ಯಾವುದೆಂದು ಗೊತ್ತಾಗುತ್ತಿರಲಿಲ್ಲ. ಒಂದೇ ಫೈಲನ್ನು ಬೇರೆ ಬೇರೆ ಹೆಸರಿನಲ್ಲಿ ಏರಿಸಿ ಯಂತ್ರ ಮಾತು ಬದಲಿಸುತ್ತದೆಯೇ ಎಂದೂ ನೋಡಿದೆ. ಬದಲಿಸಲಿಲ್ಲ. ಆದರೂ ಪ್ರತಿ ಸಲ ಏರಿಸುತ್ತಿದ್ದೆ. ನಂಬಿಕೆ ಇಲ್ಲದವರಿಗೂ ಅಭ್ಯಾಸ ಅಂಟಿಕೊಳ್ಳುತ್ತದೆ.

ಅತ್ತೆಯ ಮನೆ ಕರುಮತ್ತಂಪಟ್ಟಿಯಲ್ಲಿ. ಅಡುಗೆಮನೆಯ ಹಿಂದಿನ ಬಾಗಿಲು ತೆರೆದರೆ ಶೆಡ್ಡು, ಶೆಡ್ಡಿನ ತುಂಬ ವಿದ್ಯುತ್ ಮಗ್ಗಗಳು. ಮನೆಯಲ್ಲಿ ಕನ್ನಡವೇ ಆಡಿದರೂ ನಾವು ಮಗ್ಗವನ್ನು ತರಿ ಎಂದೇ ಕರೆಯುವುದು. ಆ ಬೀದಿಯಲ್ಲಿ ಎಲ್ಲರ ಮನೆಯ ಹಿಂದೆಯೂ ತರಿ. ಅಲ್ಲಿ ರೆಕಾರ್ಡ್ ಮಾಡುವುದೆಂದರೆ ಕಾರ್ಖಾನೆಯಲ್ಲಿ ಪಿಸುಗುಟ್ಟಿದಂತೆ. ಆದ್ದರಿಂದ ನಾನು ವಿದ್ಯುತ್ ಇಲಾಖೆಯವರು ತಿಂಗಳಿಗೊಮ್ಮೆ ದುರಸ್ತಿಗಾಗಿ ಕರೆಂಟ್ ತೆಗೆಯುವ ದಿನವನ್ನೇ ಆರಿಸಿಕೊಂಡೆ. ಲ್ಯಾಪ್‌ಟಾಪು ಬ್ಯಾಟರಿಯಲ್ಲಿ ಓಡುತ್ತದೆ, ತರಿಗಳು ಓಡುವುದಿಲ್ಲ. ಈ ಉಪಾಯ ಹೊಳೆದದ್ದಕ್ಕೆ ನನಗೆ ನನ್ನ ಮೇಲೆಯೇ ಮೆಚ್ಚುಗೆಯಾಗಿತ್ತು.

ಅತ್ತೆ ಚಾಪೆಯ ಮೇಲೆ ಕೂತು ಮೈಕನ್ನು ನೋಡಿದಳು.

"ಇದೇನಪ್ಪ, ಕುಲ್ಫಿ ತರ ಇದೆ. ಬಾಯಿ ಹತ್ತಿರ ಇಟ್ಟುಕೋಬೇಕಾ?"

"ಬೇಡ ಅತ್ತೆ, ಹಾಗೇ ಕೂತು ಹಾಡು."

ಹಾಡಿದಳು. ಒಂದು ಸಾಲು ಹಾಡಿ, ತುಟಿ ಮುಚ್ಚಿ, ಎದುರಿಗೆ ಹೆಂಗಸರು ಕೂತಿರುವ ಹಾಗೆ ಖಾಲಿ ನೆಲವನ್ನು ನೋಡುತ್ತ ಕಾಯುವಳು. ಮತ್ತೆ ಮುಂದಿನ ಸಾಲು. ಬೀದಿಯಲ್ಲಿ ಅಂಥ ಮೌನ ನಾನು ಕೇಳಿದ್ದೇ ಅಪರೂಪ. ನಡುವೆ ಎರಡು ಮೂರು ಸಲ ಅವಳು ನಿಲ್ಲಿಸಿದಳು.

"ಏನೋ ಒಂದು ಇಲ್ಲೆ ಕಣ್ಣು."

"ನೀರು ಬೇಕಾ?"

"ನೀರು ಬೇಡ. ಏನೋ ಇಲ್ಲೆ."

ಮೈಕಿನ ಸಂಕೋಚವಿರಬೇಕೆಂದುಕೊಂಡೆ. ಹಾಡು ಮುಗಿಯಿತು.

ಪೀಳಮೇಡಿಗೆ ಬಂದು ಫೈಲನ್ನು ತಾಣಕ್ಕೆ ಏರಿಸಿದೆ. ಈ ಯಂತ್ರಗಳಿಗೆ ಒಂದು ಗುಣವಿದೆ. ಸಣ್ಣ ಸದ್ದನ್ನು ದೊಡ್ಡದು ಮಾಡುತ್ತವೆ, ಅದು ಯಾವ ಸದ್ದೆಂದು ನೋಡುವುದಿಲ್ಲ. ಅತ್ತೆಯ ದನಿ ತುಂಬಿಕೊಂಡು ಬಂತು, ಹೊಳಪೂ ಬಂತು. ಜೊತೆಗೆ ಸಾಲುಗಳ ನಡುವಿನ ಖಾಲಿಯಲ್ಲಿ ಅವಳ ಉಸಿರು, ಚಾಪೆ ಸರಿದದ್ದು, ನನ್ನ ಹೊಟ್ಟೆ ಗುಡುಗಿದ್ದು, ಎಲ್ಲೋ ಒಂದು ಕಾಗೆ, ಎಲ್ಲವೂ ಮೇಲೆದ್ದು ಬಂದವು. ಹಾಗಾಗಿ ನಾನು ಮೂಲ ಫೈಲಿಗೆ ಹಿಂತಿರುಗಿ, ಖಾಲಿ ಜಾಗಗಳನ್ನೆಲ್ಲ ಒಂದೊಂದಾಗಿ ಅಳಿಸಿ ಪೂರ್ತಿ ಮೌನ ಮಾಡಿದೆ. ಮತ್ತೆ ಏರಿಸಿದೆ. ಈ ಸಲ ಬಂದದ್ದು ಯಾವ ದೊಡ್ಡ ಸ್ಟುಡಿಯೋದ ಹಾಡಿಗೂ ಕಡಿಮೆ ಇರಲಿಲ್ಲ ಎನಿಸಿತು. ಸದ್ದು ಸಮ ಮಾಡಿ ಕೇಳುವ ನನ್ನ ಪರೀಕ್ಷೆಯನ್ನು ಆ ದಿನ ಮಾಡಲಿಲ್ಲ.

ಮುಂದಿನ ವಾರ ಬ್ಲೂಟೂತ್ ಸ್ಪೀಕರ್ ತೆಗೆದುಕೊಂಡು ಹೋದೆ. ಮಧ್ಯಾಹ್ನದ ಊಟದ ಹೊತ್ತು, ಬೀದಿಯ ತರಿಗಳೆಲ್ಲ ನಿಂತಿದ್ದವು. ಅತ್ತೆಯ ಮಗಳು, ಮದುವೆಯ ಹುಡುಗಿ, ಪಕ್ಕದ ಮನೆಯ ಇಬ್ಬರು ಹೆಂಗಸರು ನಡುಮನೆಯಲ್ಲಿ ಸುತ್ತ ಕೂತರು. ಹಾಡು ಹಾಕಿದೆ. ಅತ್ತೆಯ ಮೊದಲ ಸಾಲು ಸ್ಪೀಕರಿನಿಂದ ಗಟ್ಟಿಯಾಗಿ ಬಂತು. ಅವಳಿಗೆ ಖುಷಿಯಾಯಿತು.

"ರೇಡಿಯೋ ತರ ಇದೆ," ಎಂದಳು.

ಸಾಲು ಮುಗಿದು ಮೌನ ಬಂತು. ಹೆಂಗಸರೆಲ್ಲ ಹಾಡುವ ಬದಲು ತಲೆ ಎತ್ತಿ ಬಲ್ಬನ್ನು ನೋಡಿದರು.

"ಕರಂಟು ಹೋಯ್ತಾ?" ಎಂದಳು ಪಕ್ಕದ ಮನೆಯಾಕೆ.

"ಫ್ಯಾನು ತಿರುಗ್ತಾ ಇದೆಯಲ್ಲಕ್ಕ."

"ಅಪ್ಪರಂ, ಮತ್ತೆ ಏನಕ್ಕೆ ನಿಂತದ್ದು?"

"ನಿಲ್ಲಲಿಲ್ಲ, ನೀವು ಹಾಡಬೇಕು," ಎಂದೆ ನಾನು. ಅಷ್ಟರಲ್ಲಿ ಎರಡನೆಯ ಸಾಲು ಬಂದುಬಿಟ್ಟಿತ್ತು. ತಿರುಗಿ ಹಾಕಿದೆ. ಈ ಸಲ ಹಾಡಿದರು, ಆದರೆ ಒಬ್ಬಳು ಬೇಗ, ಒಬ್ಬಳು ತಡ. ಅವರು ಮುಗಿಸುವ ಮೊದಲೇ ಅತ್ತೆ ಸ್ಪೀಕರಿನಿಂದ ಮುಂದಿನ ಸಾಲು ಎತ್ತುವಳು. ಇನ್ನೊಂದು ಕಡೆ ಇವರು ಮುಗಿಸಿ ಬಾಯಿ ಬಿಟ್ಟುಕೊಂಡು ಕಾಯುವರು, ಅವಳ ಸುಳಿವಿಲ್ಲ. ಮದುವೆಯ ಹುಡುಗಿ ಅಜ್ಜಿಯ ಕಡೆ ನೋಡಿ ನಗಲು ಶುರುಮಾಡಿದಳು.

"ಪಾಟಿ, ನೀನು ನಮ್ಮ ಜೊತೆ ಜಗಳ ಆಡ್ತಾ ಇದ್ದೀಯ."

ಅತ್ತೆ ನಗಲಿಲ್ಲ. "ಇಷ್ಟು ವರ್ಷ ಹಾಡಿದ್ದೀರಿ, ಒಂದು ಸಾಲು ತಿರುಗಿ ಹೇಳೋಕೆ ಆಗಲ್ಲವಾ? ನಾನು ಆಪರೇಷನ್ ಮೇಜಿನ ಮೇಲೆಯೇ ಮಲಗಿಬುಟ್ಟು ಹೋದರೆ ಈ ಹುಡುಗಿ ಸುಮ್ಮ ಮಣೆ ಮೇಲೆ ಕೂರಬೇಕಾ?"

ನಾನು ಮತ್ತೆ ಹಾಕಿದೆ. ಹಾಡಿನ ನಡುವೆ ಊಟ ಮುಗಿಸಿ ಬಂದವರು ಪಕ್ಕದ ಶೆಡ್ಡಿನಲ್ಲಿ ತರಿ ಹಾಕಿದರು, ಆಮೇಲೆ ನಮ್ಮ ಶೆಡ್ಡಿನಲ್ಲೂ. ನೆಲ ಸಣ್ಣಗೆ ನಡುಗತೊಡಗಿತು. ನನ್ನ ಮೊದಲ ಯೋಚನೆ, ಇನ್ನು ಮುಗಿಯಿತು ಎಂದು. ಆದರೆ ಹೆಂಗಸರು ಒಟ್ಟಿಗೆ ಹಾಡಿದರು. ಮುಂದಿನ ಸಾಲಿಗೂ ಹಾಡಿದರು. ಸ್ಪೀಕರಿನ ಅತ್ತೆ ಅಲ್ಲಲ್ಲಿ ತಪ್ಪಿದರೂ ಇವರು ತಪ್ಪಲಿಲ್ಲ.

"ಸ್ಪೀಕರ್ ಸೂಡಾಯ್ತು," ಎಂದಳು ಅತ್ತೆ, ಸ್ಪೀಕರನ್ನು ಮುಟ್ಟಿ ಬಿಸಿ ನೋಡಿ, ಸಮಾಧಾನದಿಂದ. "ಸೂಡಾದ ಮೇಲೆ ಸರಿಯಾಗಿ ಹಾಡ್ತದೆ."

ನಾನು ಒಪ್ಪಲಿಲ್ಲ, ಆದರೆ ತರಿಯ ಸದ್ದೇ ಕಾರಣವೆಂಬ ನನ್ನ ಊಹೆಯನ್ನೂ ಒಪ್ಪಿಕೊಳ್ಳಲು ಸಿದ್ಧನಿರಲಿಲ್ಲ. ಒಂದು ಸಲ ಆದದ್ದು ಆಕಸ್ಮಿಕವೂ ಆಗಿರಬಹುದು. ನನಗೆ ಅಡ್ಡ ಬರುತ್ತಿದ್ದದ್ದು ನನ್ನದೇ ಒಂದು ನೆನಪು. ಚಿಕ್ಕವನಿದ್ದಾಗ ಇದೇ ನಡುಮನೆಯಲ್ಲಿ ಅಮ್ಮನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದೆ. ದೀಪ ಹಚ್ಚಿತ್ತು. ಅತ್ತೆ ಒಂದು ಸಾಲು, ಅಮ್ಮ ಒಂದು ಸಾಲು. ಅಮ್ಮನ ಹೊಟ್ಟೆಯೊಳಗಿನಿಂದ ದನಿ ಬರುತ್ತಿದ್ದದ್ದು ಕಿವಿಗೆ ತಾಗುತ್ತಿತ್ತು. ಮನೆ ಪೂರ್ತಿ ನಿಶ್ಶಬ್ದ. ಅಮ್ಮ ಹೋಗಿ ಬಹಳ ಕಾಲವಾಯಿತು, ಅವಳ ದನಿ ಯಾವ ಯಂತ್ರದಲ್ಲೂ ಇಲ್ಲ, ಇರುವುದು ಇಷ್ಟೇ. ಆ ನಿಶ್ಶಬ್ದವನ್ನೇ ನಾನು ಕರೆಂಟಿಲ್ಲದ ದಿನ ಹುಡುಕಿದ್ದು ಅನಿಸುತ್ತದೆ.

ಅದನ್ನು ಅತ್ತೆಗೆ ಹೇಳಿದೆ.

"ನಿಶ್ಶಬ್ದವಾ? ನಮ್ಮನೆಯಾ?" ಎಂದಳು. "ನೀನು ಹುಟ್ಟಿದ ದಿನವೇ ತರಿ ನಿಲ್ಲಲಿಲ್ಲ. ನಿನ್ನಪ್ಪ ಬಂದ, ನಿನ್ನ ಮೂತಿ ನೋಡಿದ, ಎಳೆ ಹರಿದುಬುಟ್ಟಿತು ಅಂತ ತಿರುಗಿ ಓಡಿದ."

"ಆದರೆ ನನಗೆ ಚೆನ್ನಾಗಿ ನೆನಪಿದೆ."

"ಓದಿದವನು, ನೆನಪು ಇರ್ತದೆ ಬಿಡು."

ಅವಳ ಮಗಳು ನಡುವೆ ಬಂದಳು. "ಅಮಾವಾಸ್ಯೆ ಇರಬಹುದಮ್ಮ. ಅಮಾವಾಸ್ಯೆಗೆ ತರಿಗೆ ಲೀವು ಅಲ್ಲವಾ?"

"ಅಮಾವಾಸ್ಯೆಗೆ ಮಣೆ ಹಾಡು ಯಾರು ಹಾಡ್ತಾರೆ?"

"ಮಗುವ ಮಲಗಿಸೋಕೆ ಹಾಡಿರ್ತೀರಿ."

ಅತ್ತೆ ಯೋಚಿಸಿದಳು. "ಇರಬಹುದು," ಎಂದಳು, ನಂಬದೆ. ಅಲ್ಲಿಗೆ ಅದು ನಿಂತಿತು. ನನ್ನ ನೆನಪು ಒಂದು ಅಮಾವಾಸ್ಯೆಯದೋ, ಅಥವಾ ಖಾಲಿ ಜಾಗಗಳ ಸದ್ದನ್ನು ನಾನು ಫೈಲಿನಲ್ಲಿ ಅಳಿಸಿದ ಹಾಗೆ ತಲೆಯೇ ಅಳಿಸಿತ್ತೋ, ತೀರ್ಮಾನಿಸಲು ದಾರಿ ಇಲ್ಲ.

ತರಿ ಓಡುವಾಗಲೇ ಇನ್ನೊಮ್ಮೆ ರೆಕಾರ್ಡ್ ಮಾಡೋಣ ಎಂದಾಗ ಅತ್ತೆಗೆ ಸಿಟ್ಟು ಬಂತು.

"ಕಲ್ಯಾಣ ಮಂಟಪದಲ್ಲಿ ತರಿ ಸದ್ದು ಕೇಳಿಸಬೇಕಾ? ಪಲ್ಲಡದ ಬೀಗರು ಏನು ಹೇಳ್ತಾರೆ? ಹಾಡೋಕೂ ಇವರಿಗೆ ಪುರುಸೊತ್ತಿಲ್ಲ ಅಂತಾರೆ. ಅದು ರೇಡಿಯೋ ತರ ಇತ್ತು, ಅದೇ ಇರಲಿ."

"ಅದಕ್ಕೆ ಯಾರೂ ಸರಿಯಾಗಿ ಹಾಡೋಕೆ ಆಗ್ತಿಲ್ಲವಲ್ಲ."

"ಸ್ಪೀಕರ ಮೊದಲೇ ಸೂಡು ಮಾಡಿ ಇಡು."

ಒಪ್ಪಿಸಿದ್ದು ಮದುವೆಯ ಹುಡುಗಿ. "ಪಾಟಿ, ಇನ್ನೊಂದು ಸಲ ಹಾಡಿಬುಡು. ಯಾವುದು ನಲ್ಲಾ ಇದೆಯೋ ಅದು ಹಾಕಲಿ. ನಂದಲ್ಲವಾ ಕಲ್ಯಾಣ?" ಎಂದಳು. ಆಸ್ಪತ್ರೆಗೆ ಸೇರುವ ಹಿಂದಿನ ದಿನ ಅತ್ತೆ ಚಾಪೆ ಹಾಸಿಕೊಂಡು ಕೂತಳು. ಶೆಡ್ಡಿನ ಬಾಗಿಲನ್ನು ಅರ್ಧ ಮುಚ್ಚಿದೆ. ತರಿಗಳು ಓಡುತ್ತಿದ್ದವು. ಗಂಟಲು ಊದಿಕೊಂಡಿದ್ದರಿಂದ ದನಿ ಮೊದಲಿಗಿಂತ ದಣಿದಿತ್ತು, ಎತ್ತರದ ಸ್ವರ ಒಂದೆರಡು ಕಡೆ ಒಡೆಯಿತು. ಆದರೆ ಎಲ್ಲೂ ನಿಲ್ಲಿಸಲಿಲ್ಲ. ಏನೋ ಇಲ್ಲ ಎನ್ನಲಿಲ್ಲ.

ಮನೆಗೆ ಬಂದು ಎರಡು ರೆಕಾರ್ಡಿಂಗುಗಳನ್ನೂ ಪರದೆಯ ಮೇಲೆ ಒಂದರ ಕೆಳಗೊಂದು ಇಟ್ಟು ನೋಡಿದೆ. ಮೊದಲನೆಯದರಲ್ಲಿ ಸಾಲುಗಳ ನಡುವಿನ ಜಾಗ ಒಂದು ಅಗಲ, ಒಂದು ಕಿರಿದು. ಎರಡನೆಯದರಲ್ಲಿ ಎಲ್ಲವೂ ಹೆಚ್ಚುಕಡಿಮೆ ಒಂದೇ. ಅತ್ತೆ ತರಿಯ ಬಡಿತದ ಲೆಕ್ಕದ ಮೇಲೆ ಕಾಯುತ್ತಿದ್ದಳು, ಅದೂ ತನಗೇ ತಿಳಿಯದೆ. ಹಾಡುವವರೂ ಅದರ ಮೇಲೆಯೇ ಎತ್ತುತ್ತಿದ್ದರು. ಇದನ್ನು ನೋಡಿದ ಮೇಲೂ ನಾನು ಗೆರೆಗಳನ್ನು ಇನ್ನೊಮ್ಮೆ ಅಳೆದೆ.

ಯಂತ್ರಕ್ಕೆ ಏರಿಸಬೇಕೋ ಬೇಡವೋ ಎಂಬ ಅನುಮಾನವಿತ್ತು. ಆಸ್ಪತ್ರೆಯ ಹಾಸಿಗೆಯಿಂದ ಅತ್ತೆಯೇ ಕೇಳಿದಳು, "ಆ ಮಿಷಿನ್ಗೆ ಹಾಕಿದೆಯಾ? ಹಾಕದೆ ಮಂಟಪಕ್ಕೆ ತರಬೇಡ." ಹಾಕಿದೆ. ತಾಣವು ಹಾಡನ್ನು ಕೇಳಿ ತಾನೇ ಜಾತಿ ಗುರುತಿಸುತ್ತದೆ. ಮೊದಲನೆಯದನ್ನು ಜಾನಪದವೆಂದಿತ್ತು. ಇದನ್ನು ಎಲೆಕ್ಟ್ರಾನಿಕ್ ನೃತ್ಯ ಸಂಗೀತವೆಂದಿತು. ನಗು ಬಂತು, ಆಮೇಲೆ ಅದು ಅಷ್ಟೇನೂ ತಪ್ಪಲ್ಲ ಎನಿಸಿತು. ಹದ ಎಷ್ಟು ಬೇಕೆಂದು ಮೂರು ಆಯ್ಕೆ ಕೊಡುತ್ತದೆ. ಜೋರಿನದರಲ್ಲಿ ತರಿಗಳು ಎದ್ದು ಬಂದು ಅತ್ತೆಯನ್ನು ನುಂಗಿದವು. ನಡುವಿನದರಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೂಕುತ್ತಿದ್ದರು. ಎಲ್ಲಕ್ಕಿಂತ ಮೆದುವಾದುದರಲ್ಲಿ ಅತ್ತೆ ಮುಂದೆ, ತರಿ ಹಿಂದೆ, ಸಾಲು ಮುಗಿದಾಗ ತರಿ ತುಸು ಮೇಲೆ ಬಂದು, ಅವಳು ಎತ್ತಿದೊಡನೆ ಕೆಳಗಿಳಿಯುವುದು. ಇದು ಯಂತ್ರದ ಮಾಮೂಲಿ ನಡೆ, ನಾನು ಬಹಳ ಸಲ ಬೈದುಕೊಂಡದ್ದು. ಸದ್ದು ಸಮ ಮಾಡಿ ಮೂಲದ ಜೊತೆ ಹೋಲಿಸಿದೆ. ಈ ಸಲ ವ್ಯತ್ಯಾಸ ಸ್ಪಷ್ಟವಾಗಿತ್ತು. ಅದನ್ನೇ ಇಳಿಸಿಕೊಂಡೆ.

ಗಡ್ಡೆ ಕೆಟ್ಟದ್ದಲ್ಲವೆಂದು ವರದಿ ಬಂತು. ಅತ್ತೆ ಮನೆಗೆ ಬಂದಳು. ದನಿ ಮಾತ್ರ ಒಣಗಿದ ಸೋಗೆಯ ಹಾಗೆ ಆಗಿತ್ತು, ಅಡುಗೆಮನೆಯಿಂದ ಕರೆದರೆ ನಡುಮನೆಗೆ ಕೇಳುತ್ತಿರಲಿಲ್ಲ. ಕೈ ತಟ್ಟಿ ಕರೆಯಲು ಕಲಿತಳು.

ಮದುವೆ ಪಲ್ಲಡದಲ್ಲಿ. ಮಂಟಪದ ಸೌಂಡ್ ಸಿಸ್ಟಮ್ ನೋಡಿಕೊಳ್ಳುವ ತಮಿಳಿನವನು ಒಳ್ಳೆಯ ಕೆಲಸಗಾರ, ಅದೇ ಕಷ್ಟವಾಯಿತು. ಹಾಡು ಹಾಕಿದೊಡನೆ ಅವನು ಮುಖ ಸಿಂಡರಿಸಿದ. "ಸಾರ್, ಲೈನ್‌ಲ ಏದೋ ನಾಯ್ಸ್ ವರುದು. ಜನರೇಟರ್ ಪೋಲ ಇರುಕ್ಕು," ಎನ್ನುತ್ತ ದಪ್ಪ ಸದ್ದನ್ನು ಇಳಿಸುವ ಗುಂಡಿಗೆ ಕೈ ಹಾಕಿದ. ನಾನು ಅವನ ಕೈ ಹಿಡಿದೆ. ಅದು ಜನರೇಟರ್ ಅಲ್ಲ, ತರಿ, ಆ ಸದ್ದು ಇರಲೇಬೇಕು ಎಂದು ತಮಿಳಿನಲ್ಲಿ ಹೇಳಿದೆ. ಅವನು ನನ್ನನ್ನೊಮ್ಮೆ ನೋಡಿ, "ಉಂಗ ಇಷ್ಟಂ," ಎಂದು ಕೈಕಟ್ಟಿ ನಿಂತ. ಹಾಡು ಮುಗಿಯುವವರೆಗೂ ಆ ಗುಂಡಿಯ ಪಕ್ಕದಲ್ಲೇ ನಿಂತಿದ್ದೆ. ಹಾಗಾಗಿ ಮಣೆಯ ಹತ್ತಿರ ಆದದ್ದನ್ನು ದೂರದಿಂದ, ತಲೆಗಳ ಸಂದಿಯಿಂದ ನೋಡಿದ್ದು.

ಹುಡುಗಿ ಮಣೆಯ ಮೇಲೆ ಕೂತಿದ್ದಳು. ಸ್ಪೀಕರಿನಿಂದ ಅತ್ತೆಯ ಸಾಲು ಬಂತು, ನಿಂತಿತು, ತರಿ ಮೇಲೆ ಬಂತು. ಹೆಂಗಸರು ಯಾರೂ ಬಲ್ಬು ನೋಡಲಿಲ್ಲ. ಸರಿಯಾಗಿ ಎತ್ತಿದರು. ಅರಿಸಿನ ಹಚ್ಚುವ ಕೈಗಳೂ ನಿಲ್ಲಲಿಲ್ಲ. ಅತ್ತೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕತ್ತಿಗೆ ಟವೆಲ್ ಸುತ್ತಿಕೊಂಡು ಕೂತಿದ್ದಳು. ಮೊದಲು ಸುಮ್ಮನೆ ಕೇಳುತ್ತಿದ್ದಳು. ಮೂರನೆಯದೋ ನಾಲ್ಕನೆಯದೋ ಸಾಲಿಗೆ ಅವಳ ಬಾಯಿಯೂ ಆಡತೊಡಗಿತು. ಜೀವಮಾನವೆಲ್ಲ ಸಾಲು ಎತ್ತಿಕೊಟ್ಟವಳು ಈಗ ತಿರುಗಿ ಹೇಳುವವರ ಜೊತೆ ಸೇರಿದ್ದಳು. ಅವಳ ಮಗಳು ಹೇಳುವುದೇ ಬೇರೆ. ಮೊದಲ ಸಾಲಿನಿಂದಲೇ ಹಾಡಿದಳಂತೆ, ನಾನು ಗುಂಡಿ ನೋಡುತ್ತಿದ್ದೆನಂತೆ. ಅದೂ ಇರಬಹುದು.

ಹಾಡು ಮುಗಿದ ಮೇಲೆ, ಇತ್ತೀಚೆಗೆ ದಾವಣಗೆರೆಯಿಂದ ತಿರುಪ್ಪೂರಿಗೆ ಬಂದು ಮದುಮಗನ ಜೊತೆ ಬನಿಯನ್ ಕಂಪನಿಯಲ್ಲಿ ಕೆಲಸ ಮಾಡುವ ಹೆಂಗಸೊಬ್ಬರು ಅತ್ತೆಯ ಹತ್ತಿರ ಬಂದರು. "ಹಾಡು ತುಂಬಾ ಚೆನ್ನಾಗಿತ್ತು ಅಮ್ಮ. ಹಿಂದೆ ಬರ್ತಿತ್ತಲ್ಲ, ಅದು ಯಾವ ವಾದ್ಯ?"

ಅತ್ತೆ ಬೀಗರ ಕಡೆ ಒಮ್ಮೆ ನೋಡಿದಳು. ಆಮೇಲೆ ಹರಿದ ದನಿಯಲ್ಲಿ, "ನಮ್ಮನೇದು," ಎಂದಳು, ಅಷ್ಟೇ.

ಮಧ್ಯಾಹ್ನ ಊಟ ಮುಗಿಸಿ ನಾವೆಲ್ಲ ವ್ಯಾನಿನಲ್ಲಿ ಕರುಮತ್ತಂಪಟ್ಟಿಗೆ ಹೊರಟೆವು. ಹಾಡು ಹೇಗಿತ್ತು ಎಂದು ಅತ್ತೆಯನ್ನು ಕೇಳಿದೆ.

"ಪರವಾಗಿಲ್ಲೆ. ಆದರೆ ಅವಳು ಕೊಂಚ ಅವಸರ ಮಾಡ್ತಾಳೆ."

"ಯಾರು?"

"ಅವಳೇ, ನಿನ್ನ ಡಬ್ಬೀಲಿ ಇರೋಳು. ಕೊನೇ ಸಾಲು ಎಳೆದು ಬಿಡಬೇಕು, ಅವಳು ಕಡಿದುಬುಡ್ತಾಳೆ."

"ಹೇಗೆ ಎಳೀಬೇಕು?" ಎಂದಳು ಮಗಳು, ಸೀಟಿನ ಹಿಂದಿನಿಂದ.

ಅತ್ತೆ ಹಾಡಿ ತೋರಿಸಿದಳು. ಅರ್ಧ ದನಿ, ಅರ್ಧ ಗಾಳಿ. ವ್ಯಾನಿನ ಡೀಸೆಲ್ ಎಂಜಿನ್ ಗುಡುಗುಟ್ಟುತ್ತಿತ್ತು, ನನಗೆ ಅವಳ ಪಕ್ಕದಲ್ಲಿ ಕೂತೂ ಪೂರ್ತಿ ಕೇಳಲಿಲ್ಲ. ಹಿಂದಿನವರಿಗೆ ಹೇಗೆ ಕೇಳಿತೋ, ಒಟ್ಟಿಗೆ ತಿರುಗಿ ಹೇಳಿದರು. ಅವಳು ಹಾಡಿನ ಅದರ ಹಿಂದಿನ ಸಾಲನ್ನು ಎತ್ತಿದಳು. ಅದನ್ನೂ ಹೇಳಿದರು. ಸೋಮನೂರಿನ ರೈಲ್ವೆ ಗೇಟು ಹಾಕಿತ್ತು. ವ್ಯಾನು ನಿಂತಿತು, ಡ್ರೈವರ್ ಎಂಜಿನ್ ಆರಿಸಿದ. ಸಾಲಿನ ನಡುವೆ ಎಲ್ಲರೂ ನಿಂತರು. ಪಕ್ಕದ ಮನೆಯಾಕೆ ತಲೆ ಎತ್ತಿ ವ್ಯಾನಿನ ಸೂರಿನಲ್ಲಿದ್ದ ದೀಪವನ್ನು ನೋಡಿದಳು.

ಅತ್ತೆ ಮುಂದಿದ್ದ ಡ್ರೈವರ್ ಸೀಟಿನ ಬೆನ್ನಿಗೆ ಕೈ ತಟ್ಟಿದಳು.

"ತಂಬಿ, ಎಂಜಿನ್ ಹಾಕು. ಪಾಟು ಮುಗೀಲಿಲ್ಲ."